ಅಗಸಿ ಕಾಯುವ ಮುದುಕನ ದನಿ

ಇನ್ನೊಬ್ಬರ ಮನೆಯ ದುಃಖವನ್ನು ಎತ್ತಿಕೊಂಡು ಕಥೆ ಹೇಳುವುದು ಸರಿಯೋ ತಪ್ಪೋ ಎಂದು ಬಹಳ ಸಲ ಯೋಚಿಸಿದ್ದಾಯಿತು. ಸರಿ ಎನ್ನುವ ಧೈರ್ಯ ಇವತ್ತಿಗೂ ಬಂದಿಲ್ಲ. ಆದರೂ ಹೇಳುತ್ತಿದ್ದೇನೆ. ಎಲ್ಲಾದರೂ ಮಾತು ಹೆಚ್ಚುಕಡಿಮೆಯಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಅವರಿಗಿಂತ ಮೊದಲು, ಯಾರ ಕಥೆಯೋ ಆ ಶ್ರೀವಾಣಿ ಮೇಡಂ ಹೊಟ್ಟೆಗೆ ಹಾಕಿಕೊಳ್ಳಬೇಕು.

ಶ್ರೀವಾಣಿ ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ನಾಟಕದ ಟೀಚರು. ಮನೆ ರಾಣೆಬೆನ್ನೂರಿನಲ್ಲಿ; ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವವಳು. ಗಂಡ ನಾಗರಾಜ ರಾಣೆಬೆನ್ನೂರಿನಲ್ಲೇ ಒಂದು ಬೀಜದ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕಿದ್ದ. ಇಬ್ಬರಿಗೂ ನಲವತ್ತು ದಾಟಿತ್ತು, ಮಕ್ಕಳಾಗಿರಲಿಲ್ಲ. ನಾಗರಾಜ ಒಂದು ದಿನವೂ ಮುಖಕ್ಕೆ ಬಣ್ಣ ಹಚ್ಚಿದವನಲ್ಲ. ನಾಲ್ಕು ಜನರ ಮುಂದೆ ನಿಲ್ಲಬೇಕಾಗಿ ಬಂದರೆ ಹಿಂದಿನ ಸಾಲಿಗೆ ಸರಿದುಬಿಡುತ್ತಿದ್ದ. ಆದರೆ ಮನೆಯಲ್ಲಿ, ಅಡುಗೆಮನೆಯ ಗೋಡೆಗೆ ಒರಗಿ ಕೂತು ಹೆಂಡತಿ ಬರೆದ ನಾಟಕವನ್ನು ಓದಲು ಹಿಡಿದನೆಂದರೆ ರಾಜನೂ ಅವನೇ, ರಾಣಿಯೂ ಅವನೇ, ಬಾಗಿಲಲ್ಲಿ ಬೊಗಳುವ ನಾಯಿಯೂ ಅವನೇ.

ಈ ಓದು ಬರಿಯ ಮನೆಯ ಮೋಜಾಗಿರಲಿಲ್ಲ. ಕೊರೊನಾ ಕಾಲದಲ್ಲಿ ಪಾಠಗಳನ್ನೆಲ್ಲ ಫೋನಿನಲ್ಲಿ ಕಳಿಸುವ ರೂಢಿ ಬಿತ್ತಲ್ಲ, ಶ್ರೀವಾಣಿ ಅದನ್ನು ನಾಟಕಕ್ಕೆ ಉಳಿಸಿಕೊಂಡಿದ್ದಳು. ಹಾಳೆ ಕೊಟ್ಟರೆ ಮಕ್ಕಳು ಕಳೆಯುತ್ತಿದ್ದರು. ಅದರ ಬದಲು ನಾಗರಾಜ ಒಂದೊಂದು ಪಾತ್ರದ ಮಾತನ್ನೂ ಓದಿ ರೆಕಾರ್ಡು ಮಾಡಿ ನಾಟಕದ ಗ್ರೂಪಿಗೆ ಹಾಕುವುದು. ಮಕ್ಕಳು ಅಪ್ಪನದೋ ಅವ್ವನದೋ ಫೋನನ್ನು ಕಿವಿಗೆ ಹಿಡಿದು ಕೇಳಿ ಕೇಳಿ ಬಾಯಿಪಾಠ ಮಾಡುವುದು. ಮಾತು ಬಾಯಿಗೆ ಬಂದಮೇಲೆ ಶ್ರೀವಾಣಿಯ ಕೆಲಸ ಶುರು. "ಸರ್ ಹೇಳಿಕೊಟ್ಟಿದ್ದು ಬರೇ ಮಾತು. ಇನ್ನ ಅದನ್ನ ನಿಮ್ಮ ನಿಮ್ಮ ದನಿಯೊಳಗ ಹೇಳ್ರಿ," ಎನ್ನುತ್ತಿದ್ದಳು. ನಾಗರಾಜನ ಧಾಟಿಯನ್ನು ಮಕ್ಕಳ ಬಾಯಿಂದ ಬಿಡಿಸಲು ಕೆಲವು ವಾರಗಳೇ ಹಿಡಿಯುತ್ತಿದ್ದವು. ಮನೆಗೆ ಬಂದು, "ಇವತ್ತ ನಿಮ್ಮನ್ನ ಅರ್ಧಾ ತೊಳದು ಬಂದೆ," ಎಂದು ಗಂಡನಿಗೆ ಹೇಳಿ ನಗುತ್ತಿದ್ದಳು.

ಈ ವರ್ಷ ರೆಕಾರ್ಡುಗಳು ಗ್ರೂಪಿಗೆ ಹೋಗಿದ್ದವು, ಆ ತೊಳೆಯುವ ಕೆಲಸಕ್ಕೆ ಮೊದಲೇ ನಾಗರಾಜ ಹೋದ. ಚೌತಿಗೆ ಸ್ವಲ್ಪ ಮುಂಚೆ, ಬೆಳಿಗ್ಗೆ ಚಹಾ ಕುಡಿದು ಆಫೀಸಿಗೆಂದು ಸ್ಕೂಟರು ಹೊರಗೆ ತೆಗೆದವನು ಗೇಟಿನಲ್ಲಿ ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ.

ಶ್ರೀವಾಣಿ ಶಾಲೆಗೆ ಮರಳಿದ್ದು ದೀಪಾವಳಿ ಮುಗಿದಮೇಲೆ. ಹೆಡ್‌ಮಾಸ್ತರ ಪರಮೇಶಪ್ಪನವರು ಅವಳನ್ನು ಕಂಡದ್ದೇ ಕುರ್ಚಿಯಿಂದ ಎದ್ದು ನಿಂತರು. ಫ್ಯಾನು ಹಾಕಿದರು, ಮತ್ತೆ ಆರಿಸಿದರು.

"ಮೇಡಂ, ಈ ವರ್ಷ ನಾಟಕ ಬಿಟ್ಟುಬಿಡೋಣ್ರಿ. ಹಾವೇರಿ ಸ್ಪರ್ಧೆ ಮುಂದಿನ ವರ್ಷಾನೂ ಇರ್ತೈತಿ. ನೀವು ದಿನಾ ಬಂದು ಸುಮ್ಮ ಕುಂತು ಹೋಗ್ರಿ. ಯಾರೂ ಏನೂ ಅನ್ನಂಗಿಲ್ಲ."

"ನಾನೂ ಅದನ್ನ ಹೇಳಬೇಕಂತ ಬಂದೀನ್ರಿ ಸರ್. ಮಕ್ಕಳಿಗೆ ಒಂದ್ ಮಾತು ಹೇಳಿ ಬರ್ತೀನಿ."

ತಾಲೀಮು ನಡೆಯುವ ಹಾಲಿನಲ್ಲಿ ಮಕ್ಕಳು ಕಾಯುತ್ತಿದ್ದರು. ಮೂಲೆಯ ಜಮಖಾನೆಯ ಮೇಲೆ ಪೇಟಿ ಮಾಸ್ತರ ಬುಡನಸಾಬರು ಕೂತಿದ್ದರು. ಸುತ್ತಲಿನ ಹಳ್ಳಿಗಳ ನಾಟಕಕ್ಕೆಲ್ಲ ಹಾರ್ಮೋನಿಯಂ ಪೇಟಿ ಬಾರಿಸುತ್ತಲೇ ಮುದುಕರಾದವರು. ಶಾಲೆಯವರು ಕರೆದಾಗ ಬರುತ್ತಿದ್ದರು. "ಬರ್ರಿ ಬಾಯಾರ," ಎಂದರು. ಟೀಚರುಗಳನ್ನೆಲ್ಲ ಅವರು ಕರೆಯುವುದೇ ಹಾಗೆ. ಪೇಟಿಯ ಮೇಲಿನ ಧೂಳನ್ನು ಟವಲಿನಿಂದ ಒರೆಸಿದರು. ಧೂಳೇನೂ ಇರಲಿಲ್ಲ.

ನಾಟಕ ಬೇಡ ಎನ್ನಲು ಶ್ರೀವಾಣಿ ಬಾಯಿ ತೆರೆಯುವಷ್ಟರಲ್ಲಿ ಸಿದ್ದೇಶ ಎಂಬ ಹುಡುಗ ಎದ್ದು ನಿಂತ. "ಮೇಡಂ, ನಾವು ಪೂರ್ತಿ ಪಾಠ ಮಾಡೇವ್ರಿ. ಈ ಚನ್ನೇಶ ಸುದ್ದಾ ಮಾಡ್ಯಾನ್ರಿ. ಏಳರ ಮಗ್ಗಿ ಬರಂಗಿಲ್ಲ ಇವಂಗ, ಆದ್ರ ನಾಟಕ ಬರ್ತೈತಿ."

"ಲೇ, ಏಳರದು ಬರ್ತೈತಿ, ಎಂಟರದು ಬರಂಗಿಲ್ಲ," ಎಂದ ಚನ್ನೇಶ. ಎಲ್ಲರೂ ನಕ್ಕರು. "ಒಂದ ಸಲ ನೋಡ್ರಿ ಮೇಡಂ," ಎಂದು ಎಲ್ಲರೂ ಗಂಟುಬಿದ್ದರು.

ಆ ನಾಟಕ ಶ್ರೀವಾಣಿಯೇ ಬರೆದದ್ದು. ಒಂದೂರಿನ ಅಗಸಿ, ಅಂದರೆ ಊರ ಹೆಬ್ಬಾಗಿಲು, ಕಾಯುವ ಮುದುಕ. ಕತ್ತಲಾದರೂ ಬಾಗಿಲು ಹಾಕುವುದಿಲ್ಲ. ಊರು ಬಿಟ್ಟು ಹೋದವನೊಬ್ಬ ಮರಳಿ ಬರಬೇಕು ಎನ್ನುತ್ತಾನೆ. ಊರಿನವರು ಬಾಗಿಲು ಹಾಕು ಎಂದು ಜಗಳಕ್ಕೆ ಬರುತ್ತಾರೆ. ಮುದುಕನ ಪಾತ್ರ ಒಂಬತ್ತನೇ ಕ್ಲಾಸಿನ ಶಿಲ್ಪಾಳದು. ಕದರಮಂಡಲಗಿಯ ಹುಡುಗಿ, ಸಪೂರ ಮೈ, ಕೇಳಿದಷ್ಟಕ್ಕೇ ಉತ್ತರ ಕೊಡುವವಳು.

ಶಿಲ್ಪಾ ಕೋಲು ಹಿಡಿದು, ಬಾಗಿಲೆಂದು ಇಟ್ಟಿದ್ದ ಎರಡು ಬೆಂಚುಗಳ ನಡುವೆ ಕೂತಳು. ಸಣ್ಣಗೆ ಕೆಮ್ಮಿದಳು, ಬಾಯಿ ಮುಚ್ಚಿ ಉಗುಳು ನುಂಗಿದಳು.

"ಯಾರದು? ಒಳಗ ಬರ್ರಿ, ಬಾಗಲಾ ತೆಗದೇ ಅದ."

ಶ್ರೀವಾಣಿ ಕುರ್ಚಿಯ ಕೈ ಹಿಡಿದುಕೊಂಡಳು. ಗಂಟಲು ಹುಡುಗಿಯದೇ. ಆದರೆ ಮೊದಲಿನ ಆ ಕೆಮ್ಮು, ತೆಗದೇ ಎನ್ನುವಲ್ಲಿಯ ಎಳೆತ, ಮಾತಿನ ತುದಿಯನ್ನು ಮೆತ್ತಗೆ ಕೆಳಗಿಡುವ ರೀತಿ ಎಲ್ಲ ನಾಗರಾಜನದು. ಬಸ್ಸು ತಡವಾಗಿ ಮನೆಗೆ ಹೋದ ದಿನ ಒಳಗಿನಿಂದ ಅವನು ಹೀಗೇ ಅನ್ನುತ್ತಿದ್ದ, ಬಂದವಳು ಯಾರೆಂದು ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ. ಅವಳು ಆ ಮಾತನ್ನು ನಾಟಕಕ್ಕೆ ಎತ್ತಿಕೊಂಡದ್ದೇ ಅಲ್ಲಿಂದ.

ಆಮೇಲೆ ಒಬ್ಬೊಬ್ಬರಾಗಿ ಊರಿನವರು ಬಂದರು. ಸಿದ್ದೇಶನ ನಗು ನಾಗರಾಜನ ನಗು. ಚನ್ನೇಶನ ಸಿಟ್ಟು ನಾಗರಾಜನ ಸುಳ್ಳು ಸಿಟ್ಟು. ಆಚೆ ಒಬ್ಬಳು ಅಳುತ್ತಿದ್ದಳು, ಅದೂ ಅವನು ಹೆಣ್ಣುಮಕ್ಕಳ ಅಳುವನ್ನು ಅಳುತ್ತಿದ್ದ ಹಾಗೆ. ಹಾಲಿನ ಯಾವ ಮೂಲೆಗೆ ಕಿವಿ ಕೊಟ್ಟರೂ ಅವನೇ.

ಜಗಳದ ನಡುವೆ ಶಿಲ್ಪಾ "ಈ ಬಾಗಲಾ ಹಾಕಿದ್ರ" ಎಂದು ಶುರುಮಾಡಿ ನಿಂತುಬಿಟ್ಟಳು. ಎದುರಿಗಿದ್ದ ಮಕ್ಕಳೂ ನಿಂತರು. ಯಾರೂ ಮಾತು ಮರೆತವರ ಹಾಗೆ ಕಾಣಲಿಲ್ಲ, ಏನಕ್ಕೋ ಕಾಯುತ್ತಿರುವ ಹಾಗಿದ್ದರು. ಸ್ವಲ್ಪ ಹೊತ್ತಾದಮೇಲೆ ಶಿಲ್ಪಾ ಮುಂದುವರಿಸಿದಳು: "ಈ ಬಾಗಲಾ ಹಾಕಿದ್ರ, ಹೋದಾಂವ ಬಂದು ಯಾವ ಬಾಗಲಾ ಬಡೀಬೇಕು?"

"ತಡೀರಿ," ಎಂದಳು ಶ್ರೀವಾಣಿ. "ಅಲ್ಲ್ಯಾಕ ಎಲ್ಲಾರೂ ನಿಂತ್ರಿ?"

"ಸರ್ ಅಲ್ಲೆ ನಿಲ್ತಾರ್ರಿ ಮೇಡಂ," ಎಂದ ಚನ್ನೇಶ. "ಕುಕ್ಕರ್ ಸೀಟಿ ಹೊಡೀತೈತಲ್ರಿ, ಅದು ಮುಗಿಯೂತನಾ."

ಮಕ್ಕಳು ಕಿಸಕ್ಕನೆ ನಕ್ಕರು. "ಮೊದಲ ಹೇಳಬಾರದೇನೋ, ಸೀಟಿಗೂ ಒಂದು ಸ್ವರಾ ಹಚ್ಚತಿದ್ದೆ," ಎಂದರು ಬುಡನಸಾಬರು.

ಶ್ರೀವಾಣಿಗೆ ನಗು ಬರಲಿಲ್ಲ. ಆ ಕುಕ್ಕರು ಇಟ್ಟವಳು ಅವಳೇ. ಸೀಟಿ ಕೂಗಿದಾಗ ನಾಗರಾಜ ತಡೆ ಎಂದು ಬೆರಳೆತ್ತಿದ್ದ, ಅವಳು ಸೌಟು ಹಿಡಿದು ಹಾಗೇ ನಿಂತಿದ್ದಳು, ಇಬ್ಬರೂ ಉಸಿರು ಬಿಗಿಹಿಡಿದು ಅದು ಮುಗಿಯುವುದನ್ನು ಕಾದಿದ್ದರು. ಆ ಸಂಜೆಯ ಅವರ ಅಡುಗೆಮನೆ ಈಗ ಬ್ಯಾಡಗಿಯ ಶಾಲೆಯ ಹಾಲಿನಲ್ಲಿ ಬಂದು ನಿಂತಿತ್ತು.

ರೆಕಾರ್ಡುಗಳು ಅವಳ ಫೋನಿನಲ್ಲೂ ಇದ್ದವು. ಅವನು ಹೋದಮೇಲೆ ಒಂದನ್ನೂ ಅವಳು ಒತ್ತಿರಲಿಲ್ಲ, ಭಯವಿತ್ತು. ಫೋನಿನಲ್ಲಿರುವುದು ಸತ್ತವನ ದನಿ. ಇಲ್ಲಿ ಕೇಳಿದ್ದು ಉಸಿರಾಡುವ ದನಿ.

"ಸೀಟಿ ತಗಿಸಲೇನ್ರಿ ಬಾಯಾರ?" ಎಂದು ಬುಡನಸಾಬರು ಕೇಳಿದರು.

"ಇರ್ಲಿ ಬಿಡ್ರಿ," ಎಂದಳು. "ಇವತ್ತೊಂದಿನ ಇರ್ಲಿ."

ಹೆಡ್‌ಮಾಸ್ತರರ ಕೋಣೆಗೆ ಹೋಗಿ, ನಾಟಕ ಮಾಡುತ್ತೇವೆ ಎಂದಳು. "ಶಭಾಶ್ ಮೇಡಂ," ಎಂದರು ಪರಮೇಶಪ್ಪನವರು. "ಕೆಲಸದಾಗ ಮನಸ್ಸು ಹತ್ತಿದ್ರ ಎಲ್ಲಾ ಹಗರ ಆಕ್ಕೈತಿ." ಸ್ಟಾಫ್ ರೂಮಿನಲ್ಲೂ ಎಲ್ಲರೂ ಅದನ್ನೇ ಹೇಳಿದರು, ಎಂಥ ಗಟ್ಟಿ ಹೆಣ್ಣುಮಗಳು ಎಂದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

ಇವತ್ತೊಂದಿನ ಎಂದದ್ದು ದಿನಾ ಆಯಿತು. ತಾಲೀಮಿನ ಹೊತ್ತು ಬೆಳೆಯಿತು. ಮಕ್ಕಳನ್ನು ಅವರವರ ದನಿಗೆ ತರುವುದು ಹೋಗಲಿ, ಎಲ್ಲಾದರೂ ಒಬ್ಬರು ನಾಗರಾಜನಿಂದ ಜಾರಿದರೆ ಅವಳೇ ಎತ್ತಿ ಮತ್ತೆ ಅಲ್ಲಿಗೆ ಕೂರಿಸುತ್ತಿದ್ದಳು. "ಅಲ್ಲಿ ಉಸಿರು ತಗೋಬ್ಯಾಡ ಶಿಲ್ಪಾ. ಸರ್ ಅಲ್ಲಿ ತಗೋತಿರಲಿಲ್ಲ." ಆಮೇಲೆ ರೆಕಾರ್ಡಿನಲ್ಲಿ ಇಲ್ಲದ್ದನ್ನೂ ಕಲಿಸತೊಡಗಿದಳು. ಒಂದು ಕಾಲು ಮಡಚಿ ಕೂರುವುದು, ಯೋಚನೆಗೆ ಬಿದ್ದಾಗ ಮೊಣಕಾಲು ತಿಕ್ಕಿಕೊಳ್ಳುವುದು, ಕನ್ನಡಕ ಇಲ್ಲದಿದ್ದರೂ ಮೂಗಿನ ಮೇಲೆ ಬೆರಳಿಡುವುದು. ಶಿಲ್ಪಾ ಎಲ್ಲವನ್ನೂ ಕಲಿತಳು, ಬಟ್ಟೆ ನೀರು ಹೀರಿಕೊಂಡ ಹಾಗೆ ಕಲಿತಳು.

"ಮೇಡಂ, ನಮ್ಮ ಸೀನ್ ಯಾವಾಗ್ರಿ?" ಎಂದು ಸಿದ್ದೇಶ ಒಂದು ದಿನ ಕೇಳಿದ. "ಊರಾಗಿನ ಮಂದಿ ಇಲ್ದ ಮುದುಕ ಯಾರ ಜೋಡಿ ಜಗಳಾ ಆಡ್ತಾನ್ರಿ? ಪೇಟಿ ಮಾಸ್ತರ ಜೋಡಿ ಆಡ್ಲೇನು?"

"ನಾ ತಯಾರ ಅದೇನಿ," ಎಂದರು ಬುಡನಸಾಬರು. ಆಮೇಲೆ ದನಿ ತಗ್ಗಿಸಿ, "ಬಾಯಾರ, ಹುಡುಗಿ ಬೆವತೈತಿ. ಮನಿಗೆ ಬಿಡ್ರಿ," ಎಂದರು.

"ಇದೊಂದ್ ಸಲ ಮಾಸ್ತರ. ಇದೊಂದ ಸಲ."

"ಈ 'ಇದೊಂದ ಸಲ' ಅನ್ನೂದು ನಾ ಶೆರೆ ಕುಡಿಯೂ ಅಂಗಡ್ಯಾಗ ಭಾಳ ಕೇಳೇನ್ರಿ," ಎಂದರು ಮುದುಕರು. ಶ್ರೀವಾಣಿ ಅವರ ಕಡೆ ನೋಡಲಿಲ್ಲ. ಶಿಲ್ಪಾಳಿಗೆ ಮೊದಲಿನಿಂದ ಶುರುಮಾಡಲು ಹೇಳಿದಳು.

ಸಂಜೆ ಮನೆಗೆ ಬಂದು ಬೀಗಕ್ಕೆ ಚಾವಿ ಹಾಕಿ, ತಿರುವದೆ ನಿಲ್ಲುತ್ತಿದ್ದಳು. ಒಳಗಿನಿಂದ ಯಾರೂ ಏನೂ ಅನ್ನುತ್ತಿರಲಿಲ್ಲ. ಅನ್ನುವವನು ಬ್ಯಾಡಗಿಯಲ್ಲಿದ್ದಾನೆ, ನಾಳೆ ಹೋಗಿ ಕೇಳಿದರಾಯಿತು ಎಂದುಕೊಂಡು ಬೀಗ ತೆರೆಯುತ್ತಿದ್ದಳು. ಹಾಗೆ ಅಂದುಕೊಂಡದ್ದು ನೆನಪಾದಾಗ ಅವಳಿಗೇ ಮೈ ಜುಮ್ಮೆನ್ನುತ್ತಿತ್ತು. ಮರುದಿನ ಬೆಳಿಗ್ಗೆ ಮಾತ್ರ ಯಾವತ್ತಿಗಿಂತ ಮೊದಲು ಬಸ್ ಸ್ಟ್ಯಾಂಡಿನಲ್ಲಿ ಇರುತ್ತಿದ್ದಳು.

ಮೆಣಸಿನಕಾಯಿ ಹಂಗಾಮು ಶುರುವಾಗಿ ಊರೆಲ್ಲ ಘಾಟು ಏಳುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ ಹೆಂಗಸೊಬ್ಬಳು ಶಾಲೆಗೆ ಬಂದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಿಂದ ನೇರ ಬಂದಿದ್ದಳು. ಬೆರಳುಗಳು ಕೆಂಪಾಗಿದ್ದವು. ಅವಳು ದಾಟಿ ಬಂದ ವರಾಂಡದಲ್ಲಿ ಯಾರೋ ಸೀನುತ್ತಿದ್ದರು.

"ಅಕ್ಕಾರ, ನಾ ಶಿಲ್ಪಾನ ಅವ್ವ ಜಯವ್ವ ಅದೇನ್ರಿ."

"ಬರ್ರಿ ಜಯವ್ವ, ಕುಂದ್ರಿ."

"ಕುಂದ್ರಾಕ ಬಂದಿಲ್ರಿ. ಈ ಕೈಲೆ ಕುರ್ಚಿ ಮುಟ್ಟಿದ್ರ ನಾಳೆ ಕುಂತಾವ್ರು ಕಣ್ಣ ತಿಕ್ಕೋತ ನನ್ನ ಬೈದಾರು." ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು: "ಹುಡುಗಿ ಕೆಮ್ಮತಾಳ್ರಿ."

"ಈಗ ಘಾಟು ಭಾಳ ಅದಲ್ರಿ, ಅದಕ್ಕ..."

"ಘಾಟಿನ ಕೆಮ್ಮು ನನಗ ಗೊತ್ತಿಲ್ಲೇನ್ರಿ ಅಕ್ಕಾರ? ಹುಟ್ಟಿದಾಗಿಂದ ಅದರಾಗ ಅದೇನಿ. ಇದು ಗಂಡಸರ ಕೆಮ್ಮು. ನಿದ್ದಿಗಣ್ಣಾಗ ಎದ್ದು ಕುಂತು 'ಯಾರದು, ಒಳಗ ಬರ್ರಿ' ಅಂತಾಳ. ನಮ್ಮ ಮನ್ಯಾಗ ಬಂದವರನ್ನ ಹಂಗ ಯಾರ್ರಿ ಕರಿಯಾವ್ರು? ಅವರಪ್ಪ 'ಬಾರಲೇ' ಅಂತಾನ. ಅವರಜ್ಜ ಅದೂ ಅನ್ನಂಗಿಲ್ಲ."

"ಅದು ನಾಟಕದ ಮಾತು ಜಯವ್ವ."

"ಗೊತ್ತೈತ್ರಿ. ಮೊದಲ ನಾವೂ ನಕ್ಕಿವಿ. ಈಗ ನಗಿ ಬರವಲ್ದು. ಓಣ್ಯಾಗ ಮಂದಿ ಒಂದೊಂದ ಅನ್ನಾಕತ್ಯಾರ. ಅಕ್ಕಾರ ಯಜಮಾನ್ರು ಇನ್ನೂ ಬದುಕು ಮಾಡೂ ವಯಸ್ಸಿನ್ಯಾಗ ಹೋದ್ರು, ಈಗ ಈ ಹುಡುಗಿ ಮೈಮ್ಯಾಲೆ ಬಂದಾರಂತ. ಶನಿವಾರ ಹನುಮಪ್ಪನ ಗುಡಿಗೆ ಕರಕೊಂಡು ಹೋಗಿ ದಾರ ಕಟ್ಟಿಸಿದೆ. ದಾರ ಕಟ್ಟಿಸ್ಕೊಂಡು ಬಂದು, ಕಟ್ಟಿ ಮ್ಯಾಲೆ ಕುಂತು, ಮತ್ತ ಕೆಮ್ಮಿದ್ಲು. ಸಾಲಿ ಬಿಡಿಸಿಬಿಡೂಣು ಅಂತ ಆಕಿ ಅಪ್ಪ ಹಟಾ ಹಿಡದಾನ್ರಿ."

ತಪ್ಪು ನನ್ನದು, ನಾನು ಸರಿಮಾಡುತ್ತೇನೆ ಎಂದು ಶ್ರೀವಾಣಿ ಹೇಳಬೇಕಿತ್ತು. ಮಾತು ನಾಲಗೆಯ ಮೇಲೆ ಬಂದೂ ಇತ್ತು. ಆದರೆ ಬಾಯಿಂದ ಬಿದ್ದದ್ದೇ ಬೇರೆ.

"ಜಯವ್ವ, ಅದರ ಮುಂದ ಮತ್ತೇನರೆ ಅಂದಾಳೇನ್ರಿ?"

ಜಯವ್ವ ಅವಳ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಒಂದು ಹೆಜ್ಜೆ ಹಿಂದೆ ಸರಿದಳು.

"ಇಲ್ರಿ," ಎಂದಳು. "ಏನೂ ಅಂದಿಲ್ಲ." ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಮರುದಿನ ಶಿಲ್ಪಾ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸಂಜೆ ಶ್ರೀವಾಣಿ ರಾಣೆಬೆನ್ನೂರಿನ ಬಸ್ಸು ಬಿಟ್ಟು ಕದರಮಂಡಲಗಿಯ ಟಂಟಂ ಆಟೋ ಹತ್ತಿದಳು. ಕ್ಷಮೆ ಕೇಳಲು ಹೊರಟಳು ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಎರಡು ದಿನದಿಂದ ಅವನ ದನಿ ಕೇಳಿರಲಿಲ್ಲ.

ಮನೆಯ ಮುಂದಿನ ಅಂಗಳದ ತುಂಬ ಮೆಣಸಿನಕಾಯಿ ಹರವಿದ್ದರು. ಶಿಲ್ಪಾ ಒಬ್ಬಳೇ ಕಟ್ಟೆಯ ಮೇಲೆ ಕೂತು, ಆಚೆ ಮುಖ ಮಾಡಿ ಮೆಣಸಿನಕಾಯಿ ಆರಿಸುತ್ತಿದ್ದಳು. ಒಂದು ಕಾಲು ಮಡಚಿತ್ತು. ಚಪ್ಪಲಿಯ ಸಪ್ಪಳ ಕೇಳಿತೇನೋ, ತಿರುಗದೆಯೇ ಸಣ್ಣಗೆ ಕೆಮ್ಮಿದಳು.

"ಯಾರದು? ಒಳಗ ಬರ್ರಿ, ಬಾಗಲಾ ತೆಗದೇ ಅದ."

ಶ್ರೀವಾಣಿಗೆ ಆ ಊರು, ಆ ಅಂಗಳ ಮರೆತುಹೋಯಿತು. ಅವಳು ತನ್ನ ಮನೆಯ ಹೊಸ್ತಿಲಲ್ಲಿ ಬಿಡುವ ಹಾಗೆ ಚಪ್ಪಲಿ ಬಿಟ್ಟಳು. "ಬಸ್ಸು ಲೇಟಾತ್ರಿ," ಎಂದಳು.

ಹುಡುಗಿ ತಿರುಗಿದಳು. ಮುಖದಲ್ಲಿ ರಕ್ತವಿರಲಿಲ್ಲ. "ಮೇಡಂ! ನೀವಂತ ಗೊತ್ತಿರ್ಲಿಲ್ರಿ. ಖರೇನ ಗೊತ್ತಿರ್ಲಿಲ್ಲ. ನಾ ಅನ್ಲಿಲ್ರಿ, ತಾನ ಬಂತು."

ಶ್ರೀವಾಣಿ ಮೆಣಸಿನಕಾಯಿಯ ಅಂಚಿನಲ್ಲಿ ನಿಂತೇ ಕೇಳಿದಳು. "ಯಾವಾಗಿಂದ ಹಿಂಗ ಆಗ್ತದ?"

"ಮೊದಲ ನಾನ ಬೇಕಂತ ಮಾಡತಿದ್ದೆ ರಿ. ನೀವು ತಿರುಗಿ ಸಾಲಿಗೆ ಬಂದ ದಿನ ನಾ ಹಂಗ ಅಂದಾಗ ನಿಮ್ಮ ಮಾರಿ ಒಂದ್ ನಮೂನಿ ಆತ್ರಿ. ಭಾಳ ದಿನದ ಮ್ಯಾಲೆ ಬೇಕಾದವ್ರು ಮನಿಗೆ ಬಂದ್ರ ಆಗತೈತಲ್ರಿ, ಹಂಗ. ಅದಕ್ಕ ಮನ್ಯಾಗ ಮತ್ತ ಮತ್ತ ಕೇಳಿ ಮಾಡಿದೆ. ನಿಮಗ ಚೊಲೋ ಅನ್ನಿಸ್ಲಿ ಅಂತ."

"ಈಗ?"

"ಈಗ ನಾ ಮಾಡಂಗಿಲ್ರಿ. ನಿನ್ನೆ ಅಜ್ಜಗ ಉಣ್ಣಾಕ ಬಾ ಅಂತ ಕರದೆ. ಅಜ್ಜ ತಿರುಗಿ ನೋಡ್ಲೇ ಇಲ್ಲ, ಬ್ಯಾರೇ ಯಾರನ್ನೋ ಯಾರೋ ಕರದಾರಂತ ತಿಳಕೊಂಡ." ಶಿಲ್ಪಾ ಕೈಗೆ ಕಟ್ಟಿದ್ದ ಗುಡಿಯ ದಾರವನ್ನು ತಿರುವುತ್ತ ಕೂತಳು. ಆಮೇಲೆ ಕೇಳಿದಳು: "ಮೇಡಂ, ನಾ ಮೊದಲ ಹೆಂಗ ಮಾತಾಡತಿದ್ದೆ ರಿ?"

ಶ್ರೀವಾಣಿ ನೆನಪು ಮಾಡಿಕೊಳ್ಳಲು ನೋಡಿದಳು. ಎಂಟನೇ ಕ್ಲಾಸಿನಿಂದ ಈ ಹುಡುಗಿಯನ್ನು ಬಲ್ಲವಳು. ಕಣ್ಣು ಮುಚ್ಚಿಕೊಂಡರೂ ಯಾವ ಮಗು ಯಾವುದೆಂದು ದನಿಯಿಂದ ಗುರುತಿಸುತ್ತೇನೆ ಎಂದು ಹೆಮ್ಮೆಪಡುತ್ತಿದ್ದವಳು. ಎಷ್ಟು ತಡಕಿದರೂ ಶಿಲ್ಪಾಳ ದನಿ ಸಿಗಲಿಲ್ಲ. ಅದು ಇದ್ದ ಜಾಗದಲ್ಲೆಲ್ಲ ನಾಗರಾಜ ಕೂತಿದ್ದ. ಕೂರಿಸಿದವಳು ತಾನು.

"ಯಾವಾಕಿ ಅಕಿ? ಮೆಣಸಿನಕಾಯಿ ತುಳದೀ ನೋಡು! ಸರಿ ಆ ಕಡೆ!"

ಶ್ರೀವಾಣಿ ಬೆಚ್ಚಿಬಿದ್ದು ಕಾಲೆತ್ತಿದಳು. ಶಿಲ್ಪಾಳ ಅಜ್ಜ ಹೊಳಿಯಪ್ಪ ಕೋಲೆತ್ತಿಕೊಂಡು ಹಿತ್ತಲಿನಿಂದ ಬರುತ್ತಿದ್ದ.

"ಅಜ್ಜಾ, ಅವರು ನಮ್ಮ ಸಾಲಿ ಮೇಡಂ!"

"ಸಾಲಿ ಅಕ್ಕಾರಾದ್ರ ಕಣ್ಣ ಇರಂಗಿಲ್ಲೇನು? ಕಾಯಿ ಮುರದ್ರ ಇವರ ಬಂದು ತಗೋತಾರೇನು?"

ಶಿಲ್ಪಾಳಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದರೂ ಅದು ನುಸುಳಿ ಹೊರಗೆ ಬಂತು, ಕೀರಲಾಗಿ, ಕೊನೆಗೊಂದು ಬಿಕ್ಕಳಿಕೆಯ ಹಾಗೆ. ನಾಗರಾಜ ಯಾವತ್ತೂ ಹಾಗೆ ನಕ್ಕವನಲ್ಲ. ಅದು ಈ ಹುಡುಗಿಯದು. ಶ್ರೀವಾಣಿ ಅದನ್ನು ಕೇಳುತ್ತ ಬರಿಗಾಲಲ್ಲಿ ನಿಂತಳು.

ಜಯವ್ವ ಕೆಲಸದಿಂದ ಬಂದಾಗ ಹೊತ್ತು ಮುಳುಗುತ್ತಿತ್ತು. "ನಿಮ್ಮ ಹುಡುಗಿಗೆ ಏನೂ ಬಡದಿಲ್ಲ ಜಯವ್ವ," ಎಂದಳು ಶ್ರೀವಾಣಿ. "ಬಡದದ್ದು ನನಗ. ನಮ್ಮ ಮನಿಯವರ ದನಿ ಕೇಳ್ಬೇಕಂತ ಆಕಿ ಬಾಯಿಗೆ ನಾನ ಅದನ್ನ ತುರುಕಿದೆ. ಇನ್ನ ಹಂಗ ಆಗೂದಿಲ್ಲ. ಸಾಲಿ ಬಿಡಿಸಬ್ಯಾಡ್ರಿ."

ಜಯವ್ವ ಬಗ್ಗಿ, ತುಳಿದ ಮೆಣಸಿನಕಾಯಿಗಳನ್ನು ಒಂದೊಂದಾಗಿ ಆರಿಸಿ ಬದಿಗಿಟ್ಟಳು. "ಅವರಪ್ಪಗ ನಾ ಹೇಳತೇನಿ," ಎಂದಳು ಕೊನೆಗೆ. "ಆದ್ರ ಹುಡುಗಿ ಮತ್ತೊಮ್ಮೆ ಹಂಗ ಕೆಮ್ಮಿದ್ರ ನಿಮ್ಮ ನಾಟಕ ನಿಮಗ, ನಮ್ಮ ಹುಡುಗಿ ನಮಗ."

ಆಮೇಲಿನದು ತೊಳೆಯುವ ಕೆಲಸ. ಎಲ್ಲ ಮಕ್ಕಳಿಗೂ ಮನೆಯ ಫೋನಿನಿಂದ ರೆಕಾರ್ಡುಗಳನ್ನು ತೆಗೆಯಲು ಹೇಳಿದಳು. "ಮತ್ತ ಸೀಟಿ ಮೇಡಂ?" ಎಂದು ಚನ್ನೇಶ ಕೇಳಿದ. "ಸೀಟಿ ಬ್ಯಾಡ," ಎಂದಳು. ಮಕ್ಕಳು ಅಲ್ಲಿ ನಿಲ್ಲದೆ ಮಾತು ಹಾಯಿಸಿಕೊಂಡು ಹೋದಾಗ ಪೇಟಿಯ ಮೇಲಿನ ಬುಡನಸಾಬರ ಕೈ ಒಂದು ಗಳಿಗೆ ತಡೆಯಿತು. ಅವರು ಶ್ರೀವಾಣಿಯ ಕಡೆ ನೋಡಿದರು. ಮತ್ತೆ ಬಾರಿಸತೊಡಗಿದರು.

ಒಂದು ದಿನ ಸಿದ್ದೇಶನ ಬಾಯಿಂದ ನಗು ಹೋಯಿತು. ಇನ್ನೊಂದು ದಿನ ಚನ್ನೇಶನ ಸುಳ್ಳು ಸಿಟ್ಟು ಹೋಯಿತು, ಅವನದೇ ಖರೇ ಸಿಟ್ಟು ಬಂತು. ಅಳುವ ಹುಡುಗಿಗೆ ತನ್ನ ಅಳು ಸಿಕ್ಕಿತು. ಹಿಂದಿನ ವರ್ಷಗಳಲ್ಲಾದರೆ ಇದನ್ನೆಲ್ಲ ಮನೆಗೆ ಹೋಗಿ ಹೇಳಿ ನಗಬಹುದಿತ್ತು. ಈಗ ಗಂಡನನ್ನು ಎರಡನೆಯ ಸಲ ಕಳಿಸುತ್ತಿದ್ದಳು, ಅದೂ ತನ್ನ ಕೈಯಾರೆ, ಚೂರುಚೂರಾಗಿ. ರಾತ್ರಿ ಊಟ ಸೇರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮತ್ತೆ ಹೋಗುತ್ತಿದ್ದಳು.

ಶಿಲ್ಪಾಳದು ಬಲು ತಡವಾಯಿತು. ಮಾತು ಬಾಯಿಗೆ ಬಂದ ಕೂಡಲೇ ಕೆಮ್ಮು ಮುಂದೆ ಬಂದು ನಿಲ್ಲುತ್ತಿತ್ತು. ಶ್ರೀವಾಣಿ ನಾಟಕದ ಸುದ್ದಿಯೇ ತೆಗೆಯದೆ ಅವಳ ಪಕ್ಕ ಕೂತು, ಮನೆಯ ಆಡು ಮರಿ ಹಾಕಿತೇ, ಅವಳ ಅಣ್ಣ ಹೊಸ ಶರ್ಟು ಹರಿದುಕೊಂಡನೇ ಎಂದು ಕೇಳುತ್ತಿದ್ದಳು. ಮಾತು ಹರಿಯಲು ಶುರುವಾದ ಮೇಲೆ, "ಅಜ್ಜ ಬಾಗಿಲದಾಗ ಕುಂತಿದ್ರ ಬಂದವರಿಗೆ ಏನಂತಾನ?" ಎಂದಳು.

"ನಮ್ಮಜ್ಜ ಏನ್ರಿ? 'ಯಾವಾಂವಲೇ ಅಂವಾ? ಬರೂದಿದ್ರ ಲಗೂನ ಬಾ, ಬಾಗಲಾ ತೆಗದೈತಿ, ನಾಯಿ ಒಳಗ ಬರ್ತಾವು!'"

ಹಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಶಿಲ್ಪಾಳೂ ನಕ್ಕಳು. ನಕ್ಕು ಮುಗಿದಮೇಲೆ ತಾನು ಕೆಮ್ಮಲಿಲ್ಲ ಎಂಬುದು ಅವಳಿಗೇ ಗೊತ್ತಾಗಿ ಮೇಡಂ ಕಡೆ ನೋಡಿದಳು. "ಹಂಗ ಅನ್ನು," ಎಂದಳು ಶ್ರೀವಾಣಿ. "ನಾಯಿ ಸುದ್ದಾ ಇರ್ಲಿ." ಎದ್ದು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದಳು.

ಸಂಕ್ರಾಂತಿಯ ನಂತರ ಹಾವೇರಿಯಲ್ಲಿ ಸ್ಪರ್ಧೆ ನಡೆಯಿತು. ಶ್ರೀವಾಣಿ ಪರದೆಯ ಮರೆಯಲ್ಲಿ ನಿಂತಿದ್ದಳು. ಇಷ್ಟು ತೊಳೆದರೂ ಎಲ್ಲಾದರೂ ಒಂದು ಕಡೆ, ಒಂದು ಉಸಿರಿನಲ್ಲಾದರೂ ಅವನು ಉಳಿದಿರಬಹುದೇ ಎಂದು ಕಿವಿಗೊಟ್ಟಿದ್ದಳು. ಉಳಿದಿರಲಿಲ್ಲ. ಕೆಲಸ ಚೆನ್ನಾಗಿ ಆಗಿತ್ತು. ಶಿಲ್ಪಾ ಮುದುಕನಾಗಿ ಕೂಗಿದಾಗ ಹಿಂದಿನ ಸಾಲಿನ ಹಳ್ಳಿಯ ಜನ ತಮ್ಮ ಮನೆಯ ಮುದುಕನನ್ನೇ ಕಂಡವರ ಹಾಗೆ ಚಪ್ಪಾಳೆ ಹೊಡೆದರು. ಶ್ರೀವಾಣಿಯೂ ಹೊಡೆದಳು. ಎದೆಯೊಳಗೆ ಮಾತ್ರ ಸಾಮಾನು ಖಾಲಿ ಮಾಡಿದ ಮನೆಯ ಹಾಗೆ ಚಪ್ಪಾಳೆ ಮಾರ್ದನಿ ಕೊಡುತ್ತಿತ್ತು.

ನಾಟಕ ಮುಗಿದಮೇಲೆ ಪರಮೇಶಪ್ಪನವರು ಎಲ್ಲರಿಗೂ ಮಿರ್ಚಿ ಬಜ್ಜಿ, ಮಂಡಕ್ಕಿಯ ಗಿರಮಿಟ್ಟು ತರಿಸಿದರು. ಮಗಳ ನಾಟಕ ನೋಡಲು ಜಯವ್ವನೂ ಬಂದಿದ್ದಳು. ಮಕ್ಕಳ ಗದ್ದಲದಿಂದ ಶ್ರೀವಾಣಿಯನ್ನು ಸ್ವಲ್ಪ ದೂರ ಕರೆದಳು.

"ಅಕ್ಕಾರ, ಹುಡುಗಿ ಈಗ ಛಲೋ ಮಲಗತಾಳ. ಕೆಮ್ಮಿಲ್ಲ, ಕನವರಿಕಿ ಇಲ್ಲ."

"ಸಾಕು ಬಿಡ್ರಿ ಜಯವ್ವ. ನನಗ ಅದಕ್ಕಿಂತ ಇನ್ನೇನು ಬೇಕಾಗಿಲ್ಲ."

"ಒಂದ್ ಮಾತು ಐತ್ರಿ. ನನಗ ಇಟ್ಕೊಳ್ಳಾಕ ಆಗವಲ್ದು." ಜಯವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವತ್ತ ನೀವು ಕೇಳಿದ್ರಿ, ಅದರ ಮುಂದ ಏನರೆ ಅಂದಾಳೇನು ಅಂತ. ನಾ ಇಲ್ಲ ಅಂದೆ. ಸುಳ್ಳ ಹೇಳಿದೆ ರಿ. ನಿಮ್ಮ ಮಾರಿ ನೋಡಿ ಅಂಜಿದೆ. ಹೇಳಿದ್ರ ನನ್ನ ಮಗಳನ್ನ ನೀವು ಬಿಡಂಗಿಲ್ಲ ಅನ್ನಿಸ್ತು."

ಶ್ರೀವಾಣಿ ಕೈಯಲ್ಲಿದ್ದ ಗಿರಮಿಟ್ಟಿನ ಪೊಟ್ಟಣವನ್ನು ಪಕ್ಕಕ್ಕಿಟ್ಟಳು.

"ಒಂದ ಸಲ ಅಂದಿದ್ಲು. ನಿದ್ದಿಗಣ್ಣಾಗ. ನಾಟಕದ ಮಾತು ಇರಬಹುದು ಅಂದ್ಕೊಂಡಿದ್ದೆ. ಇವತ್ತ ಪೂರ್ತಿ ನಾಟಕ ಕೇಳಿದೆ, ಅದರಾಗ ಎಲ್ಲೂ ಬರಲಿಲ್ಲ. ನಿಮ್ಮ ಹೆಸರ ಹಿಡದು ಅಂದ್ಲು ರಿ. ಮೇಡಂ ಅಂತಲ್ಲ, ಬರೇ ಹೆಸರು. ಹೇಳಲೇನ್ರಿ?"

ಆಚೆ ಶಿಲ್ಪಾ ಸಿದ್ದೇಶನ ಜೊತೆ ಕಡೆಯ ಮಿರ್ಚಿಗೆ ಜಗಳಾಡುತ್ತಿದ್ದಳು. "ಏ, ನಂದದು! ಮುದುಕಗ ಮೊದಲ ಕೊಡಬೇಕಲೇ!" ಎಂದು ಕೀರಲು ದನಿಯಲ್ಲಿ ಕಿರುಚಿ, ಬಿಕ್ಕಳಿಸಿದ ಹಾಗೆ ನಕ್ಕಳು. ಶ್ರೀವಾಣಿ ಅದನ್ನು ಕೇಳಿದಳು. ಆ ಮಾತೊಂದು ಕಿವಿಗೆ ಬಿದ್ದರೆ, ಅದನ್ನು ಹೇಗೆ ಅಂದಳು, ಎಲ್ಲಿ ಎಳೆದಳು, ಎಲ್ಲಿ ನಿಲ್ಲಿಸಿದಳು ಎಂದು ನಾಳೆಯೇ ಈ ಹುಡುಗಿಯ ಮುಂದೆ ಕೂರುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು.

"ಬ್ಯಾಡ್ರಿ ಜಯವ್ವ."

"ಖರೇನ ಬ್ಯಾಡೇನ್ರಿ?"

"ಕೇಳಿದ್ರ ಇನ್ನೊಂದ್ ಸಲ ಕೇಳಬೇಕು ಅನ್ನಿಸ್ತದ."

ಜಯವ್ವ ತಲೆಯಾಡಿಸಿದಳು. ಅಷ್ಟರಲ್ಲಿ ಬ್ಯಾಡಗಿಯ ಬಸ್ಸು ಬಂತು. ಮಗಳನ್ನು ಕೂಗಿ ಕರೆದುಕೊಂಡು ಹತ್ತಿದಳು.

ಆ ಮಾತು ಏನಿತ್ತು? ರೆಕಾರ್ಡು ಆರಿಸಲು ಮರೆತು ನಾಗರಾಜ ಹೆಂಡತಿಯನ್ನು ಕೂಗಿದ್ದು ಹುಡುಗಿಯ ಕಿವಿಗೆ ಬಿದ್ದಿತ್ತೋ, ಬರಿಯ ಕನವರಿಕೆಯೋ, ಜಯವ್ವ ನಿದ್ದೆಯಲ್ಲಿ ತಪ್ಪಾಗಿ ಕೇಳಿದಳೋ, ಅಥವಾ ಓಣಿಯ ಜನ ಹೇಳುತ್ತಿದ್ದದ್ದೇ ನಿಜವೋ. ಮಕ್ಕಳ ಫೋನಿನ ರೆಕಾರ್ಡುಗಳು ಅಳಿಸಿಹೋಗಿವೆ. ತನ್ನ ಫೋನಿನಲ್ಲಿರುವುದನ್ನು ಶ್ರೀವಾಣಿ ಇನ್ನೂ ಒತ್ತಿಲ್ಲ. ಶಿಲ್ಪಾಳಿಗೆ ಏನೂ ನೆನಪಿಲ್ಲ. ಜಯವ್ವ ಮತ್ತೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಬೇಡ ಎಂದದ್ದು ಸರಿಯಾಯಿತೋ ಇಲ್ಲವೋ, ಅದನ್ನೂ ಹೇಳಲಾರೆ. ನನಗೆ ಗೊತ್ತಿಲ್ಲ.